ಕೊನೆಯ ಬಸ್ಸಿನ ಹೊಣೆ: ಮಲೆನಾಡಿನ ಮಾರ್ಗಗಳು, ರಾಜಧಾನಿಯ ಸುತ್ತಲಿನ ಊರುಗಳು

(ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆ ಆರು ಗಂಟೆಯೊಳಗೆ ಮುಗಿಯಲೇಬೇಕೆಂದು ಸಂಘಟಕರು ಮೊದಲೇ ತಿಳಿಸಿದ್ದಾರೆ. ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೋಣಂದೂರು, ರಿಪ್ಪನ್‌ಪೇಟೆ, ಆನಂದಪುರ, ಮಂಡಗದ್ದೆ ಕಡೆಗಳಿಂದ ಬಂದವರು ಇಲ್ಲಿದ್ದೀರಿ. ಶಿವಮೊಗ್ಗದಿಂದ ಆ ಊರುಗಳವರೆಗೆ ಹೊತ್ತು ಮೀರಿದರೂ ಬಸ್ಸು ಸಿಕ್ಕೀತು. ಆದರೆ ಅಲ್ಲಿ ಇಳಿದ ಮೇಲೆ, ಕೈಮರದ ಹತ್ತಿರ ತಿರುಗಿ ತೋಟ ಗದ್ದೆಗಳ ನಡುವೆ ಒಳಗೆ ಹೋಗುವ ರಸ್ತೆಗೆ ಸಂಜೆ ಇರುವುದು ಒಂದೇ ಬಸ್ಸು. ಸಭೆ, ಮದುವೆ, ಆಸ್ಪತ್ರೆಯ ಭೇಟಿ, ಕಾಲೇಜಿನ ಪ್ರಯೋಗಾಲಯದ ತರಗತಿ, ಹೀಗೆ ಮಲೆನಾಡಿನಲ್ಲಿ ಎಲ್ಲದರ ಹೊತ್ತನ್ನೂ ಆ ಕೊನೆಯ ಬಸ್ಸೇ ಗೊತ್ತುಮಾಡುತ್ತದೆ. ಆ ಬಸ್ಸನ್ನು ಓಡಿಸುವ ಹೊಣೆ ಯಾರದು ಎಂಬುದೇ ನನ್ನ ಇಂದಿನ ವಿಷಯ.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ದೊಡ್ಡ ಪಟ್ಟಣವೊಂದರ ಸುತ್ತ ಮೂವತ್ತು, ಐವತ್ತು, ಎಪ್ಪತ್ತು ಕಿಲೋಮೀಟರು ದೂರದಲ್ಲಿ ಸಣ್ಣ ಊರುಗಳಿದ್ದು, ಅಲ್ಲಿಯ ಜನ ದಿನವೂ ಕೆಲಸಕ್ಕೆ, ಓದಿಗೆ, ಕಚೇರಿಗೆ ಬಂದು ಹೋಗುವ ಕಡೆಗಳಲ್ಲೆಲ್ಲ ಇದು ಎದ್ದಿದೆ. ಲಂಡನ್ನಿನ ಸುತ್ತಲಿನ ಊರುಗಳ ಬಸ್ಸುಗಳ ಕಥೆಯಲ್ಲೂ ಬೆಂಗಳೂರಿನ ಸುತ್ತಲಿನ ಊರುಗಳ ಕಥೆಯಲ್ಲೂ ನಮಗೆ ಕಲಿಯುವುದಕ್ಕಿದೆ. ಆದ್ದರಿಂದ ನಮ್ಮ ರಸ್ತೆಗಳಿಂದ ಹೊರಟು, ಆ ಎರಡು ರಾಜಧಾನಿಗಳನ್ನು ಹಾಯ್ದು, ಮತ್ತೆ ನಮ್ಮ ಬಸ್ಸುಗಳ ಪರ್ಮಿಟ್ಟಿನ, ಅಂದರೆ ಓಡಿಸುವ ಪರವಾನಗಿಯ, ಪ್ರಶ್ನೆಗೆ ಬರುತ್ತೇನೆ.

ಮೊದಲು ನಮ್ಮ ನೆಲದ ಸ್ವರೂಪವನ್ನು ಗಮನಿಸಬೇಕು. ಬಯಲುಸೀಮೆಯ ಹಳ್ಳಿ ಒಂದೆಡೆ ಗುಂಪಾಗಿ ಕೂತಿರುತ್ತದೆ. ಬಸ್ಸು ಊರಬಾಗಿಲಿಗೆ ಬಂದರೆ ಇನ್ನೂರು ಮನೆಗಳಿಗೆ ಬಂದ ಹಾಗೆ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ, ಗುಡ್ಡದ ಆಚೆ ಇನ್ನೊಂದು ಮನೆ, ಹಳ್ಳ ದಾಟಿದರೆ ಮತ್ತೆರಡು. ಊರೆಂಬುದು ನಾಲ್ಕೈದು ಕಿಲೋಮೀಟರಿನ ಉದ್ದಕ್ಕೂ ಚೆದುರಿರುತ್ತದೆ. ಹೀಗಾಗಿ ಇಲ್ಲಿಯ ಬಸ್ಸಿಗೆ ನಿಲ್ದಾಣಗಳು ಹೆಚ್ಚು, ಪ್ರತಿ ನಿಲ್ದಾಣದಲ್ಲಿ ಹತ್ತುವವರು ಕಡಿಮೆ. ಅದರ ಮೇಲೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಳರಸ್ತೆಗಳಲ್ಲಿ ಟಯರು, ಬ್ರೇಕು, ಸ್ಪ್ರಿಂಗು ಸವೆಯುವ ಬಗೆಯನ್ನು ಬಯಲಿನ ಲೆಕ್ಕದಲ್ಲಿ ಅಳೆಯಲಾಗದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲವಾದ್ದರಿಂದ ಉಡುಪಿಯ ಕಡೆಗೆ ಮಿನಿ ಬಸ್ಸುಗಳೇ ಇಳಿಯುತ್ತವೆ. ಕುಂದಾಪುರದ ಕಡೆಗೆ ಹೋಗುವವರು ಹೊಸನಗರ, ನಗರ, ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಘಾಟಿಯ ರಸ್ತೆ ಕುಸಿದರೆ ಒಂದು ಮಾರ್ಗದ ಜನರೆಲ್ಲ ಇನ್ನೊಂದು ಮಾರ್ಗಕ್ಕೆ ಬೀಳುತ್ತಾರೆ, ಆಗ ವೇಳಾಪಟ್ಟಿಯೇ ಬೇರೆಯಾಗುತ್ತದೆ.

ಇಂಥ ನೆಲದಲ್ಲಿ ಬಸ್ಸು ಓಡಿಸಿದವರು ಬಹುಪಾಲು ಖಾಸಗಿಯವರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ಅದರ ಹೆಸರೂ ಬದಲಾಗಿ ಇಂದಿನ ಕೆ.ಎಸ್‌.ಆರ್‌.ಟಿ.ಸಿ. ಆಯಿತು. ಹಳೇ ಮೈಸೂರಿನ ಎಷ್ಟೋ ಮಾರ್ಗಗಳು ರಾಷ್ಟ್ರೀಕರಣದ ಯೋಜನೆಗಳಿಗೆ ಒಳಪಟ್ಟು ಸರ್ಕಾರಿ ಬಸ್ಸಿಗೇ ಮೀಸಲಾದವು. ಆದರೆ ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿಯಂಥ ಜಿಲ್ಲೆಗಳಲ್ಲಿ ಖಾಸಗಿ ಬಸ್ಸಿನ ಜಾಲ ಗಟ್ಟಿಯಾಗಿ ಉಳಿಯಿತು. ಸಾಗರದ ಗಜಾನನ, ಕೊಪ್ಪದ ಶಂಕರ್ ಕಂಪನಿ, ಆಮೇಲೆ ಅದೇ ಕೊಪ್ಪದ ಸಹಕಾರ ಸಾರಿಗೆ ಎಂಬ ಹೆಸರುಗಳು ನಮ್ಮ ಮನೆಗಳಲ್ಲಿ ಗಡಿಯಾರದ ಬದಲಿಗೆ ಬಳಕೆಯಾಗುತ್ತಿದ್ದವು. ‘ಗಜಾನನ ಹೋಯ್ತು, ಇನ್ನು ಹಾಲು ಕರೀಬೇಕು’ ಎಂದು ಹೇಳುವ ಹಿರಿಯರನ್ನು ಈ ಸಭೆಯಲ್ಲಿರುವ ಅನೇಕರು ಕಂಡಿರುತ್ತೀರಿ.

ಖಾಸಗಿ ಬಸ್ಸು ಎಂದ ಮಾತ್ರಕ್ಕೆ ಮಾಲೀಕನ ಮನಸ್ಸಿಗೆ ಬಂದಂತೆ ಓಡುವ ಬಸ್ಸು ಎಂದು ತಿಳಿಯಬಾರದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ಸ್ಪಷ್ಟವಾದ ಚೌಕಟ್ಟಿದೆ. ಟಿಕೆಟು ಕೊಟ್ಟು ನಿಲ್ದಾಣದಿಂದ ನಿಲ್ದಾಣಕ್ಕೆ ಜನರನ್ನು ಸಾಗಿಸುವ ಬಸ್ಸಿಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಪರ್ಮಿಟ್ ಬೇಕು. ನಮ್ಮ ಜಿಲ್ಲೆಗಳಲ್ಲಿ ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಪ್ರಾದೇಶಿಕ ಸಾರಿಗೆ ಅಧಿಕಾರಿ ಕಾರ್ಯದರ್ಶಿ. ಪರ್ಮಿಟ್ಟಿನ ಅವಧಿ ಐದು ವರ್ಷ. ಕಾಯ್ದೆಯ 72ನೆಯ ಸೆಕ್ಷನ್ನಿನ ಪ್ರಕಾರ ಬಸ್ಸು ಯಾವ ಮಾರ್ಗದಲ್ಲಿ ಓಡಬೇಕು, ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಮಾಡಬೇಕು, ಗರಿಷ್ಠ ಎಷ್ಟು ಮಾಡಬಹುದು ಎಂಬ ಷರತ್ತನ್ನು ಪ್ರಾಧಿಕಾರ ಹಾಕಬಹುದು. ಒಪ್ಪಿಗೆ ಪಡೆದ ವೇಳಾಪಟ್ಟಿಯನ್ನೂ ದರಪಟ್ಟಿಯನ್ನೂ ಬಸ್ಸಿನಲ್ಲಿ ಮತ್ತು ನಿಲ್ದಾಣದಲ್ಲಿ ತೂಗುಹಾಕಬೇಕೆಂದು ಹೇಳಬಹುದು. ಷರತ್ತು ಮುರಿದರೆ 86ನೆಯ ಸೆಕ್ಷನ್ನಿನಡಿ ಪರ್ಮಿಟ್ಟನ್ನು ಅಮಾನತು ಮಾಡಲು, ರದ್ದುಪಡಿಸಲು ಅವಕಾಶವಿದೆ. ದರದ ವಿಷಯದಲ್ಲಿ ನಿರ್ದೇಶನ ಕೊಡುವ ಅಧಿಕಾರ 67ನೆಯ ಸೆಕ್ಷನ್ನಿನಡಿ ರಾಜ್ಯ ಸರ್ಕಾರಕ್ಕಿದೆ. ಅಂದರೆ ಬಸ್ಸು ಮಾಲೀಕನದ್ದಾದರೂ ಮಾರ್ಗವೂ ಸಮಯವೂ ಸಾರ್ವಜನಿಕರ ಸ್ವತ್ತು. ಈ ಒಂದು ಮಾತನ್ನು ನಾವೆಲ್ಲ ಮರೆತಿದ್ದೇವೆಂದು ನನಗೆ ಬಲವಾಗಿ ಅನಿಸುತ್ತದೆ, ಮತ್ತು ಮಲೆನಾಡಿನ ಒಳಊರುಗಳ ಬಸ್ಸು ನಿಲ್ಲುತ್ತಿರುವುದರ ಮೂಲ ಆ ಮರೆವಿನಲ್ಲಿದೆ.

ಈಗ ಹಾಲ್ಟಿಂಗ್ ಬಸ್ಸನ್ನು, ಅಂದರೆ ರಾತ್ರಿ ಒಳಊರಿನಲ್ಲೇ ತಂಗುವ ಬಸ್ಸನ್ನು, ಸ್ವಲ್ಪ ಹತ್ತಿರದಿಂದ ನೋಡೋಣ. ಸಂಜೆ ಪೇಟೆಯಿಂದ ಹೊರಟ ಬಸ್ಸು ಮುಖ್ಯರಸ್ತೆ ಬಿಟ್ಟು ಒಳಗೆ ನುಗ್ಗಿದಾಗ ಅದರಲ್ಲಿ ಕಾಲೇಜಿನ ಮಕ್ಕಳು, ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು, ಆಸ್ಪತ್ರೆಯಿಂದ ಮರಳುವ ಒಬ್ಬರಿಬ್ಬರು ವೃದ್ಧರು, ಮಳೆಗಾಲಕ್ಕೆ ಮುಂಚೆಯಾದರೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣ, ಮೈಲುತುತ್ತದ ಚೀಲ ಇರುತ್ತವೆ. ಡ್ರೈವರಿನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಔಷಧಿಯ ಪೊಟ್ಟಣ, ರಿಪೇರಿಗೆ ಹೋಗಿ ಬಂದ ಮಿಕ್ಸರ್, ಯಾರದೋ ಮನೆಗೆ ತಲುಪಬೇಕಾದ ಆಮಂತ್ರಣ ಪತ್ರಿಕೆಯ ಕಟ್ಟು. ಕಂಡಕ್ಟರಿಗೆ ಯಾವ ಪೊಟ್ಟಣ ಯಾವ ಮನೆಯ ದಣಪೆಯ ಹತ್ತಿರ ಇಳಿಯಬೇಕೆಂಬುದು ಬಾಯಿಪಾಠ. ಕೊನೆಯ ನಿಲ್ದಾಣದಲ್ಲಿ ದೇವಸ್ಥಾನದ ಎದುರಿಗೋ ಶಾಲೆಯ ಬಯಲಿಗೋ ಬಸ್ಸು ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನೊಳಗೇ ಸೀಟಿನ ಮೇಲೆ ಮಲಗುತ್ತಾರೆ, ಊಟ ಊರಿನ ಒಂದು ಮನೆಯಲ್ಲಿ. ಬೆಳಗ್ಗೆ ಆರೂಕಾಲಕ್ಕೆ ಅದೇ ಬಸ್ಸು ಪೇಟೆಗೆ ಹೊರಟರೆ ಎಂಟು ಗಂಟೆಯ ಹೊತ್ತಿಗೆ ಮಕ್ಕಳು ಕಾಲೇಜಿನಲ್ಲಿ, ರೋಗಿಗಳು ಆಸ್ಪತ್ರೆಯ ಚೀಟಿ ಸಾಲಿನಲ್ಲಿ. ಬಸ್ಸು ರಾತ್ರಿ ಊರಲ್ಲಿ ತಂಗದಿದ್ದರೆ ಬೆಳಗಿನ ಈ ಟ್ರಿಪ್ ಸಾಧ್ಯವೇ ಇಲ್ಲ. ಪೇಟೆಯಿಂದ ಖಾಲಿ ಬಸ್ಸು ಬಂದು ಜನರನ್ನು ತುಂಬಿಕೊಂಡು ಹೋಗುವಷ್ಟು ಕಲೆಕ್ಷನ್ ಯಾವ ಒಳಊರಿನಲ್ಲೂ ಆಗುವುದಿಲ್ಲ.

ಲೆಕ್ಕವನ್ನು ಮಾಡಿಯೇ ನೋಡಬಹುದು. ಒಳರಸ್ತೆ 28 ಕಿಲೋಮೀಟರು ಎಂದು ಹಿಡಿಯೋಣ. ಏರಿಳಿತದ ಹಾದಿಯಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಒಂದು ಕಡೆಗೆ ಏಳು ಲೀಟರು ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯ ಆಸುಪಾಸು ಎಂದರೂ 630 ರೂಪಾಯಿ ಡೀಸೆಲ್ಲಿಗೇ ಹೋಯಿತು. ಆ ಟ್ರಿಪ್ಪಿನಲ್ಲಿ ಸರಾಸರಿ ಹನ್ನೆರಡು ಜನ ಮೂವತ್ತು ರೂಪಾಯಿಯಂತೆ ಕೊಟ್ಟರೆ 360 ರೂಪಾಯಿ. ಸಂಬಳ, ಟಯರು, ವಿಮೆ, ತೆರಿಗೆ, ಬ್ಯಾಂಕಿನ ಕಂತು ಇವಾವುವೂ ಲೆಕ್ಕಕ್ಕೆ ಬರುವ ಮೊದಲೇ ಟ್ರಿಪ್ ನಷ್ಟದಲ್ಲಿದೆ. ಹಾಗಾದರೆ ಇಷ್ಟು ವರ್ಷ ಈ ಬಸ್ಸು ಓಡಿದ್ದು ಹೇಗೆ? ಅದೇ ಬಸ್ಸು ಹಗಲಿನಲ್ಲಿ ತೀರ್ಥಹಳ್ಳಿ–ಶಿವಮೊಗ್ಗದ ನಡುವೆಯೋ ಸಾಗರ–ಶಿವಮೊಗ್ಗದ ನಡುವೆಯೋ ತುಂಬಿ ಓಡುತ್ತಿತ್ತು. ಮುಖ್ಯರಸ್ತೆಯ ಗಳಿಕೆ ಒಳರಸ್ತೆಯ ನಷ್ಟವನ್ನು ತುಂಬುತ್ತಿತ್ತು. ಮುಖ್ಯರಸ್ತೆಯ ಒಳ್ಳೆಯ ಟೈಮಿಂಗ್ ಬೇಕೆಂದರೆ ಒಳಗಿನ ಹಾಲ್ಟನ್ನೂ ಒಪ್ಪಿಕೊಳ್ಳಬೇಕು ಎಂಬ ಕೊಡುಕೊಳ್ಳುವಿಕೆಯ ಮೇಲೆ ಇಡೀ ಮಲೆನಾಡಿನ ಬಸ್ಸು ವ್ಯವಸ್ಥೆ ನಿಂತಿತ್ತು. ಇದು ಯಾರ ಔದಾರ್ಯವೂ ಆಗಿರಲಿಲ್ಲ, ಪರ್ಮಿಟ್ ಒಂದೇ ಆಗಿದ್ದರಿಂದ ನಡೆದುಬಂದ ಏರ್ಪಾಡು.

ಆ ಏರ್ಪಾಡು ಸಡಿಲಾಗುತ್ತ ಬಂದದ್ದಕ್ಕೆ ಒಂದೇ ಕಾರಣವಿಲ್ಲ. ಗಂಡಸರು ಬೈಕಿಗೆ ಹೋದರು. ಮುಖ್ಯರಸ್ತೆಯಲ್ಲಿ ಬಸ್ಸಿಗಿಂತ ಐದು ನಿಮಿಷ ಮುಂಚೆ ಮ್ಯಾಕ್ಸಿಕ್ಯಾಬು ಬಂದು ನಿಲ್ದಾಣವನ್ನು ಗುಡಿಸಿಕೊಂಡು ಹೋಗತೊಡಗಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತು, ಕಬ್ಬಿಣದ ಕಾರ್ಖಾನೆ ಸೊರಗಿದ ಮೇಲೆ ಪಾಳಿಯ ಹೊತ್ತಿಗೆ ತುಂಬುತ್ತಿದ್ದ ಬಸ್ಸುಗಳ ಲೆಕ್ಕ ಬದಲಾಯಿತು. ಕೊರೋನಾ ಕಾಲದಲ್ಲಿ ನಿಂತ ಟ್ರಿಪ್ಪುಗಳಲ್ಲಿ ಎಷ್ಟೋ ಮರಳಿ ಬರಲಿಲ್ಲ.

ಈ ಸಡಿಲಿಕೆಗೆ ಎದುರಾಗಿ ನಿಂತ ಒಂದು ಪ್ರಯೋಗವನ್ನು ನೆನೆಯದೆ ಮುಂದೆ ಹೋಗಲಾರೆ. ಕೊಪ್ಪದ ಶಂಕರ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರು 1991ರಲ್ಲಿ ತಾವೇ ಸಹಕಾರ ಸಂಘವೊಂದರ ಮೂಲಕ ಬಸ್ಸು ಓಡಿಸಲು ತೊಡಗಿದರು. ಡ್ರೈವರೂ ಕಂಡಕ್ಟರೂ ಮೆಕ್ಯಾನಿಕ್ಕೂ ಸಂಸ್ಥೆಯ ಸದಸ್ಯರು. ತಮ್ಮೊಳಗಿನವರನ್ನೇ ಆಡಳಿತಕ್ಕೆ ಆರಿಸಿಕೊಂಡವರು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭಿಸಿ ಎಪ್ಪತ್ತರ ಆಸುಪಾಸಿಗೆ ಬೆಳೆದ ಸಹಕಾರ ಸಾರಿಗೆ, ಬೇರೆಯವರು ಹಿಂಜರಿದ ಒಳರಸ್ತೆಗಳಿಗೆ ಹೋಯಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟಿತು, ಮಲೆನಾಡಿನ ಮೂಲೆಗಳಲ್ಲಿ ಹಾಲ್ಟ್ ಮಾಡಿತು. ಕಾರ್ಮಿಕರು ತಮ್ಮದೇ ಊರುಗಳಿಗೆ ಓಡಿಸುತ್ತಿದ್ದ ಬಸ್ಸು ಅದು. ಒಂದು ಟ್ರಿಪ್ ತಪ್ಪಿಸಿದರೆ ಮರುದಿನ ತಮ್ಮ ಓಣಿಯಲ್ಲೇ ಉತ್ತರ ಹೇಳಬೇಕಿತ್ತು. ಸುಮಾರು ಮೂರು ದಶಕ ನಡೆದ ಆ ಸಂಸ್ಥೆ 2020ರ ಆರಂಭದಲ್ಲಿ, ಕೊರೋನಾದ ಲಾಕ್‌ಡೌನ್ ಬರುವುದಕ್ಕೂ ಮೊದಲೇ, ಹಣಕಾಸಿನ ಬಿಕ್ಕಟ್ಟಿನಿಂದ ಸಂಚಾರ ನಿಲ್ಲಿಸಿತು. ಅದರ ಸೋಲನ್ನು ಕಾರ್ಮಿಕರ ಕೈಲಾಗದತನವೆಂದು ಓದುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಾರ್ವಜನಿಕರಿಗೆ ಬೇಕಾದ ನಷ್ಟದ ಟ್ರಿಪ್ಪುಗಳನ್ನು ಒಂದು ಸಂಸ್ಥೆ ಯಾರ ಆಸರೆಯೂ ಇಲ್ಲದೆ ತನ್ನ ಜೇಬಿನಿಂದ ಎಷ್ಟು ಕಾಲ ಓಡಿಸಬಲ್ಲದು ಎಂಬ ಪ್ರಶ್ನೆಗೆ ಅದು ದೊರೆತ ಉತ್ತರ. ಡೀಸೆಲ್ಲಿನ ಬೆಲೆ ಏರಿದಾಗ, ಬಿಡಿಭಾಗಗಳ ಬೆಲೆ ಏರಿದಾಗ ಸರ್ಕಾರಿ ನಿಗಮದ ನಷ್ಟವನ್ನು ಸರ್ಕಾರ ಹೇಗೋ ಹೊತ್ತುಕೊಳ್ಳುತ್ತದೆ. ಸಹಕಾರಿ ಬಸ್ಸಿಗೆ ಆ ಬೆನ್ನು ಇರಲಿಲ್ಲ.

ಇಲ್ಲಿಂದ ಲಂಡನ್ನಿಗೆ ಹೋಗೋಣ. 1933ರಲ್ಲಿ ಲಂಡನ್ ಪ್ರಯಾಣಿಕರ ಸಾರಿಗೆ ಮಂಡಳಿ ರಚನೆಯಾದಾಗ ನಗರದ ಒಳಗಿನ ಬಸ್ಸುಗಳೂ ಸುತ್ತಲಿನ ಸಣ್ಣ ಪಟ್ಟಣಗಳ ಬಸ್ಸುಗಳೂ ಒಂದೇ ಆಡಳಿತಕ್ಕೆ ಬಂದವು. ಒಳಗೆ ಕೆಂಪು ಬಸ್ಸು. ಹೊರಗೆ, ಸೇಂಟ್ ಆಲ್ಬನ್ಸ್, ಹರ್ಟ್‌ಫರ್ಡ್, ರೈಗೇಟ್, ವಿಂಡ್ಸರ್ ಮುಂತಾದ ಊರುಗಳ ಕಡೆಗೆ ಹಸಿರು ಬಸ್ಸು. ದೂರದ ಊರುಗಳಿಂದ ನೇರ ನಗರದ ನಡುವಿಗೆ ಬರುವ ಬಸ್ಸುಗಳಿಗೆ ಗ್ರೀನ್ ಲೈನ್ ಎಂಬ ಹೆಸರು. ಒಂದೇ ಆಡಳಿತವಾದ್ದರಿಂದ ತುಂಬಿ ಓಡುವ ಕೆಂಪು ಬಸ್ಸಿನ ಗಳಿಕೆ ಹಸಿರು ಬಸ್ಸಿನ ಹಳ್ಳಿದಾರಿಗೂ ಒದಗುತ್ತಿತ್ತು. ನಮ್ಮ ಮುಖ್ಯರಸ್ತೆ ಮತ್ತು ಒಳರಸ್ತೆಯ ಸಂಬಂಧವೇ ಅಲ್ಲಿಯೂ ಇತ್ತು, ಅಳತೆ ಮಾತ್ರ ದೊಡ್ಡದು.

1970ರ ಜನವರಿ 1ರಂದು ಇದನ್ನು ಎರಡು ಮಾಡಿದರು. ಲಂಡನ್ ನಗರದ ಸಾರಿಗೆಯನ್ನು ಅಲ್ಲಿಯ ಮಹಾನಗರ ಆಡಳಿತ ವಹಿಸಿಕೊಂಡಿತು. ನಗರದ ಗಡಿಯಾಚೆಯ ಹಸಿರು ಬಸ್ಸುಗಳನ್ನು ಲಂಡನ್ ಕಂಟ್ರಿ ಬಸ್ ಸರ್ವಿಸಸ್ ಎಂಬ ಹೊಸ ಕಂಪನಿ ಮಾಡಿ ರಾಷ್ಟ್ರೀಯ ಬಸ್ ಕಂಪನಿಗೆ ಒಪ್ಪಿಸಿದರು. ಹೊಸ ಕಂಪನಿಯ ಸೀಮೆ ನೋಡಿದರೆ ನಗರವನ್ನು ಸುತ್ತಿದ ಬಳೆಯ ಹಾಗಿತ್ತು: ಸುತ್ತಲೂ ಊರುಗಳು, ನಡುವೆ ತನಗೆ ಸೇರದ ನಗರ. ಲಾಭದ ಹೃದಯಭಾಗ ಒಬ್ಬರಿಗೆ, ನಷ್ಟದ ಅಂಚು ಇನ್ನೊಬ್ಬರಿಗೆ. ಎಪ್ಪತ್ತರ ದಶಕದುದ್ದಕ್ಕೂ ಆ ಕಂಪನಿ ಟ್ರಿಪ್ಪುಗಳನ್ನು ಕಡಿಮೆ ಮಾಡುತ್ತ, ಸುತ್ತಲಿನ ಕೌಂಟಿಗಳ, ಅಂದರೆ ಅಲ್ಲಿಯ ಜಿಲ್ಲಾಡಳಿತಗಳ, ನೆರವನ್ನು ನೆಚ್ಚಿಕೊಂಡು ಬದುಕಿತು. ಜನ ದಿನವೂ ದಾಟುವ ಗಡಿಯೊಂದನ್ನು ಆಡಳಿತದ ಅನುಕೂಲಕ್ಕೆ ಗೋಡೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಮುಂದೆ 1985ರ ಸಾರಿಗೆ ಕಾಯ್ದೆ ಬಂತು. 1986ರ ಅಕ್ಟೋಬರ್ 26ರಿಂದ ಲಂಡನ್ ನಗರವನ್ನು ಬಿಟ್ಟು ಬ್ರಿಟನ್ನಿನ ಉಳಿದೆಡೆ ಯಾವ ಮಾಲೀಕ ಬೇಕಾದರೂ ಮಾರ್ಗವೊಂದನ್ನು ನೋಂದಾಯಿಸಿ ಬಸ್ಸು ಓಡಿಸಬಹುದು, ಬೇಡವೆನಿಸಿದರೆ 42 ದಿನದ ಮುನ್ಸೂಚನೆ ಕೊಟ್ಟು ನಿಲ್ಲಿಸಬಹುದು ಎಂದಾಯಿತು. ಅದಕ್ಕೆ ಸ್ವಲ್ಪ ಮೊದಲೇ ಲಂಡನ್ ಕಂಟ್ರಿಯನ್ನು ನಾಲ್ಕು ತುಂಡು ಮಾಡಿದ್ದರು. ಒಂದೆರಡು ವರ್ಷದಲ್ಲಿ ಅವು ಖಾಸಗಿಯವರ ಕೈಗೆ ಹೋದವು. ಯಾರೂ ಓಡಿಸದ, ಆದರೆ ಜನರಿಗೆ ಬೇಕಾದ ಟ್ರಿಪ್ಪುಗಳನ್ನು, ಅಂದರೆ ಸಂಜೆಯ ಕೊನೆಯ ಬಸ್ಸು, ಭಾನುವಾರದ ಬಸ್ಸು, ಹಳ್ಳಿಯ ಬಸ್ಸುಗಳನ್ನು, ಸ್ಥಳೀಯ ಕೌನ್ಸಿಲ್ಲುಗಳು ಟೆಂಡರು ಕರೆದು ಹಣ ಕೊಟ್ಟು ಓಡಿಸಬೇಕಾಯಿತು. ಕೌನ್ಸಿಲ್ಲಿನ ಬಳಿ ಹಣವಿದ್ದಾಗ ಅವು ಓಡಿದವು. 2010ರ ನಂತರ ಬಜೆಟ್ಟಿಗೆ ಕತ್ತರಿ ಬಿದ್ದಾಗ ಮೊದಲು ನಿಂತವೂ ಅವೇ.

ಅದೇ ಹೊತ್ತಿನಲ್ಲಿ ಲಂಡನ್ ನಗರದ ಒಳಗೆ ಬೇರೆಯದೇ ದಾರಿ ಹಿಡಿದರು. ಬಸ್ಸು ಓಡಿಸುವವರು ಅಲ್ಲಿಯೂ ಖಾಸಗಿ ಕಂಪನಿಗಳೇ. ಆದರೆ ಮಾರ್ಗ, ಸಮಯ, ದರ, ಬಸ್ಸಿನ ಬಣ್ಣ ಎಲ್ಲವನ್ನೂ ನಗರದ ಸಾರಿಗೆ ಸಂಸ್ಥೆ ನಿರ್ಧರಿಸುತ್ತದೆ. ಮಾರ್ಗಕ್ಕೊಂದು ಟೆಂಡರು ಕರೆದು, ಬಸ್ಸು ಓಡಿಸಿದ್ದಕ್ಕೆ ಕಂಪನಿಗೆ ಒಪ್ಪಂದದಂತೆ ಹಣ ಕೊಡುತ್ತದೆ. ಬಸ್ಸು ತುಂಬಿತೋ ಖಾಲಿ ಹೋಯಿತೋ ಎಂಬುದು ಡ್ರೈವರಿನ ಚಿಂತೆಯಲ್ಲ, ಆದ್ದರಿಂದ ಎದುರಿನ ಬಸ್ಸನ್ನು ಹಿಂದಿಕ್ಕಿ ಜನರನ್ನು ಕಸಿಯುವ ಅಗತ್ಯವೂ ಇಲ್ಲ. ರಾತ್ರಿಯ ಟ್ರಿಪ್ಪು ಹಗಲಿನ ಟ್ರಿಪ್ಪಿನ ಜೊತೆಗೇ ಒಂದೇ ಒಪ್ಪಂದದಲ್ಲಿ ಬರುತ್ತದೆ. ಮ್ಯಾಂಚೆಸ್ಟರ್ ಪ್ರಾಂತ್ಯ ಸುಮಾರು ನಾಲ್ಕು ದಶಕದ ಮುಕ್ತ ಪೈಪೋಟಿಯನ್ನು ಅನುಭವಿಸಿ, 2023ರ ಸೆಪ್ಟೆಂಬರಿನಿಂದ 2025ರ ಜನವರಿಯೊಳಗೆ ಹಂತಹಂತವಾಗಿ ಇದೇ ಪದ್ಧತಿಗೆ ಬಂತು. ಪೈಪೋಟಿಯನ್ನು ರಸ್ತೆಯ ಮೇಲಿಂದ ಟೆಂಡರಿನ ಮೇಜಿಗೆ ತಂದದ್ದೇ ಈ ಪದ್ಧತಿಯ ತಿರುಳು.

ಇದು ಪರದೇಶದ ಶ್ರೀಮಂತಿಕೆಯ ಮಾತು, ನಮಗೆ ಒಗ್ಗದು ಎಂದು ಹೇಳುವವರು ಬೆಂಗಳೂರಿನ ಕಡೆ ನೋಡಬೇಕು. 1997ರ ಆಗಸ್ಟಿನಲ್ಲಿ ಬಿ.ಎಂ.ಟಿ.ಸಿ. ಪ್ರತ್ಯೇಕ ನಿಗಮವಾಯಿತು. ಆನೇಕಲ್, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಮುಂತಾದ ಊರುಗಳಿಂದ ದಿನವೂ ರಾಜಧಾನಿಗೆ ಹೋಗಿಬರುವವರಿಗೆ ಅದರ ಬಸ್ಸುಗಳಿವೆ. ರಾಮನಗರ, ತುಮಕೂರು, ಕೋಲಾರದ ಕಡೆಯವರಿಗೆ ಕೆ.ಎಸ್‌.ಆರ್‌.ಟಿ.ಸಿ. ಬಸ್ಸುಗಳೂ ರೈಲೂ ಇವೆ. ನಗರದ ಗಡಿ ಮುಗಿದಲ್ಲಿಗೆ ಬಸ್ಸು ಮುಗಿಯಬಾರದೆಂಬ ಎಚ್ಚರ ಅಲ್ಲಿ ಇದೆ. ಇನ್ನೂ ಮುಖ್ಯವಾದದ್ದು, ಇತ್ತೀಚಿನ ವರ್ಷಗಳಲ್ಲಿ ಬಿ.ಎಂ.ಟಿ.ಸಿ. ಎಲೆಕ್ಟ್ರಿಕ್ ಬಸ್ಸುಗಳನ್ನು ಓಡಿಸುತ್ತಿರುವ ರೀತಿ. ಬಸ್ಸು ಖಾಸಗಿ ಕಂಪನಿಯದು, ಡ್ರೈವರು ಅವರ ಕಡೆಯವರು. ಕಂಡಕ್ಟರು ನಿಗಮದವರು, ಟಿಕೆಟಿನ ಹಣ ನಿಗಮಕ್ಕೆ, ಕಂಪನಿಗೆ ಕಿಲೋಮೀಟರಿಗೆ ಇಷ್ಟು ಎಂದು ಪಾವತಿ. ಅಂದರೆ ಖಾಸಗಿ ಬಸ್ಸನ್ನು ಸಾರ್ವಜನಿಕ ವೇಳಾಪಟ್ಟಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಕೊಂಡುಕೊಳ್ಳುವ ವಿದ್ಯೆ ನಮ್ಮ ರಾಜ್ಯಕ್ಕೆ ಈಗಾಗಲೇ ಗೊತ್ತಿದೆ. ರಾಜಧಾನಿಯಲ್ಲಿ ಸಲ್ಲುವ ಲೆಕ್ಕ ನಮ್ಮ ಮಲೆನಾಡಿನ ನಿಟ್ಟೂರಿಗೂ ಅರಳಸುರಳಿಗೂ ಏಕೆ ಸಲ್ಲಬಾರದು?

ಈ ಪ್ರಶ್ನೆಯನ್ನು ಈಗಲೇ ಕೇಳಬೇಕಾದ ಕಾರಣ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ. ಅವರಿಗೆ ಕೊಡುವ ಶೂನ್ಯ ಟಿಕೆಟಿನ ಆಧಾರದ ಮೇಲೆ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಯೋಜನೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಗಂಡನ ಎದುರು, ಮಗನ ಎದುರು ಬಸ್ಸಿನ ಚಾರ್ಜಿಗೆ ಕೈಚಾಚಬೇಕಾಗಿದ್ದ ಹೆಂಗಸರು ಇಂದು ತಾವಾಗಿ ಪೇಟೆಗೆ ಹೋಗಿಬರುತ್ತಿದ್ದಾರೆ, ಇದು ಸಣ್ಣ ಬದಲಾವಣೆಯಲ್ಲ. ಆದರೆ ಖಾಸಗಿ ಬಸ್ಸು ಮಾತ್ರ ಹೋಗುವ ಊರಿನ ಹೆಣ್ಣುಮಗಳಿಗೆ ಈ ಸೌಲಭ್ಯ ತಲುಪಿಲ್ಲ. ಇದರ ಇನ್ನೊಂದು ಪರಿಣಾಮವನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಗಂಡಸರು ಬೈಕಿಗೆ ಹೋದ ಮೇಲೆ ಬಸ್ಸಿನಲ್ಲಿ ಉಳಿದವರು ಬಹುಮಟ್ಟಿಗೆ ಹೆಂಗಸರು, ವಿದ್ಯಾರ್ಥಿಗಳು, ವೃದ್ಧರು. ಮುಖ್ಯರಸ್ತೆಯಲ್ಲಿ ಸರ್ಕಾರಿ ಬಸ್ಸು ಸಿಗುವುದಾದರೆ ಹೆಂಗಸರು ಸಹಜವಾಗಿಯೇ ಅದಕ್ಕೆ ಕಾಯುತ್ತಾರೆ. ವಿದ್ಯಾರ್ಥಿಯ ನಿಗಮದ ಪಾಸೂ ಅದರಲ್ಲೇ ನಡೆಯುವುದು. ಹಾಗೆ ಖಾಸಗಿ ಬಸ್ಸಿನ ಮುಖ್ಯರಸ್ತೆಯ ಕಲೆಕ್ಷನ್ ಇಳಿಯುತ್ತದೆ. ಮುಖ್ಯರಸ್ತೆಯ ಕಲೆಕ್ಷನ್ನಿನಿಂದಲೇ ಒಳರಸ್ತೆಯ ಹಾಲ್ಟಿಂಗ್ ಟ್ರಿಪ್ ಬದುಕುತ್ತಿತ್ತೆಂದು ಆಗಲೇ ನೋಡಿದೆವು. ಆದ್ದರಿಂದ ಶಿವಮೊಗ್ಗ–ಸಾಗರದ ರಸ್ತೆಯಲ್ಲಿ ಒಬ್ಬ ಹೆಂಗಸಿಗೆ ಉಳಿದ ಹಣ, ಒಳಊರಿನ ಇನ್ನೊಬ್ಬ ಹೆಂಗಸಿಗೆ ಇದ್ದ ಒಂದೇ ಬಸ್ಸನ್ನು ನಿಲ್ಲಿಸುವ ಸಾಧ್ಯತೆ ಇದೆ. ಇದಕ್ಕೆ ಪರಿಹಾರವೆಂದರೆ ಯೋಜನೆಯನ್ನು ಹಿಂತೆಗೆಯುವುದಲ್ಲ. ಅದನ್ನು ಒಳರಸ್ತೆಯವರೆಗೆ ಒಯ್ಯುವುದು.

ಒಯ್ಯುವ ಬಗೆ ಹೇಗೆ? ಎಲ್ಲ ಒಳಊರಿಗೂ ಸರ್ಕಾರಿ ನಿಗಮದ ಕೆಂಪು ಬಸ್ಸೇ ಬರಲಿ ಎಂದು ಕೇಳುವುದು ಸುಲಭ. ನಿಗಮದ ಬಸ್ಸು ಡಿಪೋದಿಂದ ಹೊರಟು ಡಿಪೋಕ್ಕೆ ಮರಳುವ ವ್ಯವಸ್ಥೆಗೆ ಒಗ್ಗಿದ್ದು; ಅದು ಹಾಲ್ಟ್ ಮಾಡುವ ಊರುಗಳು ಇದ್ದರೂ, ಮೂಲೆಮೂಲೆಯ ರಸ್ತೆಗೆ ಹೊಸ ಬಸ್ಸು, ಹೊಸ ಸಿಬ್ಬಂದಿ ಒದಗಿಸುವುದು ದೀರ್ಘ ಕಾಲದ ಮಾತು. ಅಲ್ಲಿಯವರೆಗೆ ಮಕ್ಕಳ ಓದು ಕಾಯುವುದಿಲ್ಲ. ಆ ರಸ್ತೆಯ ಪ್ರತಿ ತಿರುವನ್ನೂ ಬಲ್ಲ ಡ್ರೈವರುಗಳು, ಪ್ರತಿ ಮನೆಯನ್ನೂ ಬಲ್ಲ ಕಂಡಕ್ಟರುಗಳು ಖಾಸಗಿ ಬಸ್ಸುಗಳಲ್ಲಿ ಈಗಲೇ ಇದ್ದಾರೆ. ಆದ್ದರಿಂದ ಬೆಳಗಿನ ಮೊದಲ ಟ್ರಿಪ್ಪು ಮತ್ತು ರಾತ್ರಿಯ ಹಾಲ್ಟಿಂಗ್ ಟ್ರಿಪ್ಪನ್ನಷ್ಟೇ ಗುರುತಿಸಿ, ಅವಕ್ಕೆ ಕಿಲೋಮೀಟರಿನ ಲೆಕ್ಕದಲ್ಲಿ ಟೆಂಡರು ಕರೆಯಬೇಕು. ಖಾಸಗಿ ಮಾಲೀಕರೂ ಸಹಕಾರ ಸಂಘಗಳೂ ನಿಗಮವೂ ಅದರಲ್ಲಿ ಭಾಗವಹಿಸಲಿ. ಹಣ ಕೊಟ್ಟ ಮೇಲೆ ಆ ಟ್ರಿಪ್ಪಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವೂ ವಿದ್ಯಾರ್ಥಿ ಪಾಸೂ ನಡೆಯಲಿ. ಬಸ್ಸು ಓಡಿತೋ ಇಲ್ಲವೋ ಎಂದು ತಿಳಿಯಲು ಜಿ.ಪಿ.ಎಸ್. ಸಾಕು. ಬೇಕಾಗುವ ಹಣ ರಾಜ್ಯದ ಸಾರಿಗೆ ಖರ್ಚಿನೊಡನೆ ಹೋಲಿಸಿದರೆ ದೊಡ್ಡದಾಗಲಾರದು, ಏಕೆಂದರೆ ನಾವು ಕೇಳುತ್ತಿರುವುದು ದಿನಕ್ಕೆ ಊರಿಗೆ ಎರಡು ಟ್ರಿಪ್ಪು.

ಟೆಂಡರಿನ ಪದ್ಧತಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪರ್ಮಿಟ್ಟಿನ ಷರತ್ತು ನಮ್ಮ ಕೈಯಲ್ಲೇ ಇದೆ. ಮುಖ್ಯರಸ್ತೆಯ ಲಾಭದ ಟೈಮಿಂಗನ್ನು ಉಳಿಸಿಕೊಂಡು ಒಳಗಿನ ಹಾಲ್ಟನ್ನು ಸದ್ದಿಲ್ಲದೆ ಕೈಬಿಟ್ಟ ಪರ್ಮಿಟ್ಟುಗಳು ನವೀಕರಣಕ್ಕೆ ಬಂದಾಗ ಪ್ರಾಧಿಕಾರ ಅದನ್ನು ಕೇಳಬೇಕು. ಈಗ ನವೀಕರಣದ ಸಭೆಗೆ ಬರುವವರು ಮಾಲೀಕರು ಮತ್ತು ಅವರ ವಕೀಲರು, ವಾದ ನಡೆಯುವುದು ನನ್ನ ಬಸ್ಸಿಗಿಂತ ಅವನ ಬಸ್ಸು ಎರಡು ನಿಮಿಷ ಮುಂಚೆ ಬಿಡುತ್ತದೆ ಎಂಬ ತಕರಾರಿನ ಸುತ್ತ. ಆ ಎರಡು ನಿಮಿಷದ ಜಗಳದಲ್ಲಿ ಊರಿನವರ ದನಿಯೇ ಇಲ್ಲ.

ಶರಾವತಿಯ ಹಿನ್ನೀರಿನ ಕಡೆ ಈ ಮಾತು ಇನ್ನಷ್ಟು ತುರ್ತಿನದು. ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ನೀರಿನಿಂದ ಆರು ದಶಕ ಬೇರೆಯಾಗಿದ್ದ ತುಮರಿಯ ಕಡೆಯ ಜನರಿಗೆ ಅಲ್ಲಿಯವರೆಗೆ ಕೊನೆಯ ಬಸ್ಸನ್ನು ನಿರ್ಧರಿಸುತ್ತಿದ್ದದ್ದು ಲಾಂಚು. ಸಂಜೆ ಲಾಂಚು ನಿಂತರೆ ಸಾಗರದಲ್ಲಿ ಉಳಿದವರು ಸಾಗರದಲ್ಲೇ. ಈಗ ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಸೇತುವೆಯ ಮೇಲೆ ಬಸ್ಸು ನೇರ ಓಡಬಹುದು. ಸಿಗಂದೂರಿನ ಯಾತ್ರಿಕರಿಗಾಗಿ ಹಗಲಿನ ಬಸ್ಸುಗಳು ತಾವಾಗಿಯೇ ಬರುತ್ತವೆ, ಅದಕ್ಕೆ ಯಾರೂ ಒತ್ತಾಯಿಸಬೇಕಿಲ್ಲ. ಕಾಲೇಜು ಮುಗಿಸಿದ ಮಕ್ಕಳನ್ನು ಸಂಜೆ ಊರಿಗೆ ಮುಟ್ಟಿಸಿ, ಅಲ್ಲೇ ತಂಗಿ, ಬೆಳಗ್ಗೆ ಹೊರಡುವ ಬಸ್ಸಿಗೆ ಮಾತ್ರ ಒತ್ತಾಯ ಬೇಕು. ಹೊಸ ಪರ್ಮಿಟ್ಟುಗಳು ಈ ರಸ್ತೆಗೆ ಕೊಡುವಾಗಲೇ ಹಗಲಿನ ಯಾತ್ರಿಕರ ಟ್ರಿಪ್ಪಿನ ಜೊತೆಗೆ ರಾತ್ರಿಯ ಹಾಲ್ಟನ್ನು ಕಟ್ಟಿಬಿಡಬೇಕು. ನವೀಕರಣದವರೆಗೆ ಕಾಯುವುದಕ್ಕಿಂತ ಅದು ಲೇಸು.

ಆದ್ದರಿಂದ ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಬಸ್ಸಿನ ವಿಷಯಕ್ಕೆ ಪ್ರತ್ಯೇಕ ಠರಾವು ಮಾಡಿ. ‘ಬಸ್ಸಿನ ಸೌಕರ್ಯ ಒದಗಿಸಬೇಕು’ ಎಂಬ ಸಾಮಾನ್ಯ ಮಾತು ಕಡತದಲ್ಲಿ ಮಲಗುತ್ತದೆ. ನಿಮ್ಮ ರಸ್ತೆಗೆ ಹಿಂದೆ ಯಾವ ಯಾವ ಬಸ್ಸು ಯಾವ ಹೊತ್ತಿಗೆ ಬರುತ್ತಿತ್ತು, ಯಾವುದು ಯಾವಾಗ ನಿಂತಿತು, ಕಾಲೇಜಿಗೆ ಹೋಗುವ ಮಕ್ಕಳು ಎಷ್ಟು, ಅವರಲ್ಲಿ ಹೆಣ್ಣುಮಕ್ಕಳು ಎಷ್ಟು, ವಾರಕ್ಕೆ ಡಯಾಲಿಸಿಸ್ಸಿಗೆ ಹೋಗುವವರು ಇದ್ದಾರೆಯೇ, ಬೆಳಗಿನ ಬಸ್ಸು ಎಷ್ಟು ಗಂಟೆಗೆ ಹೊರಟರೆ ಅನುಕೂಲ, ರಾತ್ರಿ ತಂಗುವ ಸಿಬ್ಬಂದಿಗೆ ಊಟ ಮತ್ತು ಮಲಗುವ ಜಾಗವನ್ನು ಪಂಚಾಯಿತಿ ಎಲ್ಲಿ ಒದಗಿಸಬಲ್ಲದು, ಇಷ್ಟನ್ನೂ ಹಾಳೆಯ ಮೇಲೆ ಇಳಿಸಿ. ಒಂದು ಪ್ರತಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ, ಒಂದು ಕೆ.ಎಸ್‌.ಆರ್‌.ಟಿ.ಸಿ.ಯ ಶಿವಮೊಗ್ಗ ವಿಭಾಗಕ್ಕೆ, ಇನ್ನೊಂದು ನಿಮ್ಮ ಶಾಸಕರಿಗೆ ಕೊಡಿ, ಮತ್ತು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಪಂಚಾಯಿತಿಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಮಾರ್ಗದ ಪರ್ಮಿಟ್ ನವೀಕರಣಕ್ಕೆ ಬಂದ ದಿನ ಅದನ್ನು ಹಿಡಿದು ಊರಿನ ಇಬ್ಬರಾದರೂ ಆ ಸಭೆಗೆ ಹೋಗಬೇಕು.